ವಂದನಾರ್ಪಣೆಗೊಂದು ತಿದ್ದುಪಡಿ

ನಮ್ಮ ಸಂಘದ ಸಭಾಗೃಹದಲ್ಲಿ ಕಳೆದ ಬೇಸಿಗೆಯಲ್ಲಿ ನಡೆದ ಭಾನುವಾರದ ಉಪನ್ಯಾಸ ಸದಸ್ಯ ಬಂಧುಗಳಿಗೆ ನೆನಪಿರಬಹುದು. 'ಪ್ರಕೃತಿ ಮತ್ತು ಮಾನವ ಸ್ವಭಾವ' ಎಂಬುದು ವಿಷಯ. ಕುರ್ಚಿಗಳು ಸಾಲದೆ ಹಿಂದೆ ಬಂದವರು ಗೋಡೆಗೊರಗಿ ನಿಂತಿದ್ದರು. ಅತಿಥಿಗಳು ಒಳ್ಳೆಯ ಮಾತುಗಾರರು. ಮುಕ್ಕಾಲು ಗಂಟೆ ಯಾರೂ ಕೆಮ್ಮಲಿಲ್ಲ. ಕೊನೆಗೆ ವಂದನಾರ್ಪಣೆಗೆ ಎದ್ದವರು ನಾವು. ಬಿ.ಎಸ್‌ಸಿ. ಓದಿದವರೆಂದು ಆ ಕೆಲಸ ನಮ್ಮ ಪಾಲಿಗೆ ಬಂದಿತ್ತು. "ಇಷ್ಟು ಶುದ್ಧ ವೈಜ್ಞಾನಿಕವಾದ ಉಪನ್ಯಾಸ ಈ ವೇದಿಕೆಯ ಮೇಲೆ ಇದುವರೆಗೆ ಆಗಿರಲಿಲ್ಲ" ಎಂದು ಹೇಳಿ, ಹಾರ ಹಾಕಿ, ಉಪ್ಪಿಟ್ಟಿನ ಸಾಲಿನಲ್ಲಿ ಹೋಗಿ ನಿಂತೆವು.

ಆ ಮಾತನ್ನು ಇಂದು ಇದೇ ಪತ್ರಿಕೆಯ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇವೆ. ಏಕೆ ಎಂಬುದನ್ನು ಹೇಳಬೇಕಾದದ್ದು ನ್ಯಾಯ.

ಉಪನ್ಯಾಸದ ತಿರುಳು ಇಷ್ಟು: ಆದಿಕಾಲದಲ್ಲಿ ಗಂಡಸು ಬೇಟೆಗೆ ಹೋಗುತ್ತಿದ್ದ, ಹೆಂಗಸು ಗುಹೆಯ ಸುತ್ತಮುತ್ತ ಹಣ್ಣು ಗೆಡ್ಡೆ ಆರಿಸುತ್ತಿದ್ದಳು. ಬೇಟೆಗಾರನಿಗೆ ದಿಕ್ಕು, ದೂರ, ಕೋನಗಳ ಅಂದಾಜು ಬೇಕು. ಆದ್ದರಿಂದ ಪ್ರಕೃತಿ ಗಂಡಸಿನ ಮೆದುಳನ್ನು ಗಣಿತಕ್ಕೂ ಯಂತ್ರಕ್ಕೂ ಒಗ್ಗಿಸಿತು. ಹೆಂಗಸಿನ ಮೆದುಳನ್ನು ಮಾತಿಗೂ ಮಮತೆಗೂ ಒಗ್ಗಿಸಿತು. ಲಕ್ಷಾಂತರ ವರ್ಷಗಳ ವಿಕಾಸ ಮಾಡಿಟ್ಟದ್ದನ್ನು ನಾವು ಹತ್ತಾರು ವರ್ಷದ ಶಾಲೆಯಿಂದ ಬದಲಿಸುತ್ತೇವೆಂಬುದು ಭ್ರಮೆ. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು.

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಒಂದು ಸಂಜೆ ನಮ್ಮ ಕಟ್ಟಡದ ಎರಡನೆಯ ಮಾಳಿಗೆಯ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ಗಣಿತದಲ್ಲಿ ನೂರಕ್ಕೆ ತೊಂಬತ್ತಾರು. ಹನ್ನೊಂದನೆಯ ತರಗತಿಯ ಅರ್ಜಿಯಲ್ಲಿ ವಿಜ್ಞಾನ ಶಾಖೆ ಎಂದು ತುಂಬಬೇಕೆಂಬುದು ಅವಳ ಆಸೆ. ತಂದೆ ಬೇಡವೆನ್ನುತ್ತಾರೆ. ಅವರೂ ಆ ದಿನ ನಮ್ಮ ಪಕ್ಕದಲ್ಲೇ ಕುಳಿತು ಉಪನ್ಯಾಸ ಕೇಳಿದವರು. ಹುಡುಗಿ ಚಪ್ಪಲಿ ಬಿಡದೆ, ಒಳಗೂ ಬಾರದೆ, ಅಲ್ಲೇ ನಿಂತು ಕೇಳಿದಳು: "ಕಾಕಾ, ಅದು ಖರೇನಽ ಸೈನ್ಸ್ ಏನು? ನೀವಽ ಹೇಳಿದ್ರಿ ಅಂತ ಅಪ್ಪ ಹೇಳ್ತಾರ. ನನ್ನ ಮಾತು ಕೇಳವಲ್ರು."

ನಮಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಕಚೇರಿಗೆ ಹೋಗುವಾಗ ಬರುವಾಗ ಲೋಕಲ್ ಗಾಡಿಯಲ್ಲಿ ಹಳೆಯ ಪಾಠಗಳನ್ನು ನೆನೆದು, ಹೊಸದನ್ನು ಓದಿ, ಈ ಉತ್ತರ ಬರೆದಿದ್ದೇವೆ. ಹುಡುಗಿಗೆ ಎಷ್ಟೋ ಅಷ್ಟೇ ನಮ್ಮಂಥ ಚಪ್ಪಾಳೆಗಾರರಿಗೂ ಇದು ಉತ್ತರ.

ಮೊದಲೇ ಒಂದು ಮಾತು. ನಮ್ಮ ತಕರಾರು ವಿಕಾಸವಾದದ ಮೇಲಲ್ಲ. ಡಾರ್ವಿನ್ 1859ರಲ್ಲಿ ಮುಂದಿಟ್ಟ ನಿಸರ್ಗದ ಆಯ್ಕೆಯ ತತ್ವ ಜೀವಶಾಸ್ತ್ರದ ಬೆನ್ನೆಲುಬು; ಅದನ್ನು ಒಪ್ಪಿಯೇ ಮಾತಾಡುತ್ತಿದ್ದೇವೆ. ನಮ್ಮ ತಕರಾರು ಅದರ ಹೆಸರಿನಲ್ಲಿ ಪುಕ್ಕಟೆಯಾಗಿ ಹಂಚುವ ಕತೆಗಳ ಮೇಲೆ. ಒಂದು ಲಕ್ಷಣ ಕಂಡಿತು. ಅದಕ್ಕೆ ಒಂದು ಉಪಯೋಗ ಊಹಿಸಿದರು. 'ಈ ಉಪಯೋಗಕ್ಕಾಗಿಯೇ ಪ್ರಕೃತಿ ಇದನ್ನು ಮಾಡಿತು' ಎಂದು ಮುಗಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ ನಾವು ತಲೆಯಾಡಿಸಿದೆವು.

ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಬಿಲ್ಲು ಪರಿಶೀಲಿಸುತ್ತಿರುವ ನಮಗೆ ಇದು ಹೊಳೆಯಬೇಕಿತ್ತು. ಒಬ್ಬ ನೌಕರ ಪ್ರವಾಸ ಭತ್ಯೆಯ ಬಿಲ್ಲು ಕೊಟ್ಟು, 'ನಾನು ನಾಗಪುರಕ್ಕೆ ಹೋಗಿದ್ದೆ, ಅಲ್ಲಿ ಬಿಸಿಲು ಬಹಳ, ಕಿತ್ತಳೆ ಚೆನ್ನಾಗಿತ್ತು' ಎಂದು ಎಷ್ಟು ಚೆಂದ ವರ್ಣಿಸಿದರೂ ನಾವು ಬಿಲ್ಲು ಪಾಸು ಮಾಡುವುದಿಲ್ಲ. ಟಿಕೆಟ್ಟಿನ ಸಂಖ್ಯೆ ಕೇಳುತ್ತೇವೆ. ನಾಗಪುರದಲ್ಲಿ ಬಿಸಿಲಿರುವುದು ನಿಜ. ಈತ ಹೋಗಿದ್ದನೆಂಬುದಕ್ಕೆ ಅದು ಸಾಕ್ಷಿಯಲ್ಲ. ನೂರೈವತ್ತು ರೂಪಾಯಿಯ ಬಿಲ್ಲಿಗೆ ಇಷ್ಟು ಎಚ್ಚರ ವಹಿಸುವವರು, ಒಂದು ಹುಡುಗಿಯ ಜೀವಮಾನದ ಬಿಲ್ಲಿಗೆ ಏನೂ ಕೇಳದೆ ಸಹಿ ಹಾಕಿದೆವು.

ಜೀವಶಾಸ್ತ್ರಜ್ಞರು ಹೀಗೆ ಸಹಿ ಹಾಕುವವರಲ್ಲ. ಒಂದು ಲಕ್ಷಣವನ್ನು 'ಹೊಂದಾಣಿಕೆ' ಎಂದು ಕರೆಯಬೇಕಾದರೆ, ಅಂದರೆ ನಿಸರ್ಗದ ಆಯ್ಕೆಯೇ ಅದನ್ನು ಒಂದು ನಿರ್ದಿಷ್ಟ ಕೆಲಸಕ್ಕಾಗಿ ರೂಪಿಸಿದೆ ಎನ್ನಬೇಕಾದರೆ, ಅವರು ಕೇಳುವ ರುಜುವಾತು ಬಹಳ. ಉಪಯೋಗಕ್ಕೆ ಬರುವುದು ಬೇರೆ, ಆ ಉಪಯೋಗಕ್ಕಾಗಿಯೇ ಆದದ್ದು ಬೇರೆ. ಮೂಗು ಕನ್ನಡಕ ಇಡಲು ಬಹಳ ಅನುಕೂಲ. ಹಾಗೆಂದು ಮೂಗು ಕನ್ನಡಕಕ್ಕಾಗಿ ಹುಟ್ಟಿತೆನ್ನುವ ಪಂಡಿತನನ್ನು ಫ್ರಾನ್ಸಿನ ವೋಲ್ಟೇರ್ 1759ರಲ್ಲೇ ಗೇಲಿ ಮಾಡಿದ್ದಾನೆ. ರಕ್ತ ಕೆಂಪಗಿದೆ, ಕೆಂಪು ಬಣ್ಣದಿಂದ ಏನೋ ಲಾಭವಿರಬೇಕೆಂದು ಹುಡುಕಬೇಕಾಗಿಲ್ಲ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಬ್ಬಿಣದ ಅಂಶವುಳ್ಳದ್ದು, ಅದರ ಬಣ್ಣವೇ ಕೆಂಪು. ಹೊರುವ ಕೆಲಸ ಹೊಂದಾಣಿಕೆ. ಬಣ್ಣ ಅದರ ಜೊತೆಗೆ ಬಂದ ಅಡ್ಡ ಫಲ.

ಇದೇ ಮಾತನ್ನು 1979ರಲ್ಲಿ ಅಮೆರಿಕದ ಇಬ್ಬರು ಜೀವಶಾಸ್ತ್ರಜ್ಞರು, ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವಾಂಟಿನ್, ತಮ್ಮ ವೃತ್ತಿಬಾಂಧವರ ಮುಖಕ್ಕೇ ಹೇಳಿದರು. ವೆನಿಸ್ ನಗರದ ಸಂತ ಮಾರ್ಕನ ಇಗರ್ಜಿಯಲ್ಲಿ ಕಮಾನುಗಳ ಮೇಲೆ ಗುಮ್ಮಟ ಕೂರಿಸಿದಾಗ ಮೂಲೆಗಳಲ್ಲಿ ತ್ರಿಕೋನಾಕಾರದ ಜಾಗ ತಾನಾಗಿ ಉಳಿಯುತ್ತದೆ. ಆ ಜಾಗದಲ್ಲಿ ಸುಂದರ ಚಿತ್ರಗಳಿವೆ. ಚಿತ್ರ ನೋಡಿದವನು 'ಚಿತ್ರಕ್ಕಾಗಿಯೇ ಈ ಜಾಗ ಬಿಟ್ಟರು' ಎಂದರೆ ತಪ್ಪು. ವೆನಿಸ್ ದೂರವಾಯಿತೆನ್ನುವವರು ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಸಂದು ನೋಡಲಿ. ಅಲ್ಲಿ ನಾಲ್ಕು ಸೈಕಲ್ಲುಗಳಿವೆ. ಸೈಕಲ್ ಇಡಲೆಂದು ಯಾರೂ ಮೆಟ್ಟಿಲು ಕಟ್ಟಲಿಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಇಲ್ಲಿಯೇ ನಮ್ಮ ಉಪನ್ಯಾಸ ಮೌನವಾಗಿತ್ತು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲನೆಯ ದಾರಿ, ಲಕ್ಷಣವನ್ನೇ ಬದಲಿಸಿ ನೋಡುವುದು. ನಮ್ಮ ಗೀಜಗನ ಹಕ್ಕಿಯ ಕುಟುಂಬಕ್ಕೇ ಸೇರಿದ ಒಂದು ಹಕ್ಕಿ ಆಫ್ರಿಕದಲ್ಲಿದೆ, ಹೆಸರು ವಿಡೋಬರ್ಡ್. ಗಂಡಿನ ಬಾಲ ಸುಮಾರು ಅರ್ಧ ಮೀಟರು. ಹಾರಲು ತೊಡಕಾಗುವ ಇಂಥ ಬಾಲ ಏಕೆ? ಹೆಣ್ಣಿಗೆ ಇಷ್ಟವಾಗುವುದರಿಂದ ಎಂಬುದು ಡಾರ್ವಿನ್ ಕಾಲದ ಊಹೆ. ಸ್ವೀಡನ್ನಿನ ಮಾಲ್ಟೆ ಆಂಡರ್ಸನ್ ಕೀನ್ಯಾದಲ್ಲಿ ಈ ಗಂಡುಹಕ್ಕಿಗಳನ್ನು ಹಿಡಿದು, ಕೆಲವಕ್ಕೆ ಬಾಲ ಕತ್ತರಿಸಿ ಗಿಡ್ಡ ಮಾಡಿದರು. ಕತ್ತರಿಸಿದ ಗರಿಗಳನ್ನು ಬೇರೆ ಕೆಲವಕ್ಕೆ ಅಂಟಿಸಿ ಉದ್ದ ಮಾಡಿದರು. ಆಮೇಲೆ ಯಾರ ಗಡಿಯೊಳಗೆ ಹೆಣ್ಣುಗಳ ಹೊಸ ಗೂಡುಗಳು ಹೆಚ್ಚು ಎಂದು ಎಣಿಸಿದರು. ಉದ್ದ ಬಾಲದವಕ್ಕೇ ಹೆಚ್ಚು. 1982ರಲ್ಲಿ ಫಲಿತಾಂಶ ಪ್ರಕಟವಾಯಿತು.

ಆದರೆ ನಮ್ಮ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ಗುಂಪು. ಕೆಲವು ಹಕ್ಕಿಗಳ ಬಾಲವನ್ನು ಆಂಡರ್ಸನ್ ಕತ್ತರಿಸಿ, ಅದೇ ಗರಿಯನ್ನು ಅದೇ ಹಕ್ಕಿಗೆ ಮತ್ತೆ ಅಂಟಿಸಿದರು. ಉದ್ದ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಏತಕ್ಕೆ ಈ ವ್ಯರ್ಥ ಶ್ರಮ? ಕತ್ತರಿಸಿ ಅಂಟಿಸುವ ಗಲಾಟೆಯಿಂದಲೇ ಫಲಿತಾಂಶ ಬದಲಾಯಿತೇ ಎಂಬ ಸಂಶಯವನ್ನು ತೊಡೆಯಲು. ಇನ್ನೂ ಮುಂದೆ ಹೋಗಿ, ಉದ್ದ ಬಾಲ ಗಂಡುಗಳ ಗಡಿಜಗಳದಲ್ಲಿ ನೆರವಾಯಿತೇ ಎಂದೂ ನೋಡಿದರು. ಗಿಡ್ಡ ಬಾಲದವು ತಮ್ಮ ಜಾಗ ಕಳೆದುಕೊಳ್ಳಲಿಲ್ಲ. ಹೀಗೆ ಎದುರಾಳಿ ಊಹೆಗಳನ್ನು ಒಂದೊಂದಾಗಿ ಹೊರಗೆ ಕಳಿಸಿದ ಮೇಲೆ ಮಾತ್ರ 'ಹೆಣ್ಣಿನ ಆಯ್ಕೆ' ಎಂದು ಬರೆದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ಅಲ್ಲವೇ?

ಎರಡನೆಯ ದಾರಿ, ಹಲವು ಕತೆಗಳನ್ನು ಒಟ್ಟಿಗೆ ಕಟಕಟೆಗೆ ನಿಲ್ಲಿಸುವುದು. ಜೀಬ್ರಾದ ಪಟ್ಟೆ ಏಕೆ ಎಂಬುದಕ್ಕೆ ಕತೆಗಳ ಬರವಿಲ್ಲ. ಹುಲ್ಲಿನಲ್ಲಿ ಮರೆಯಾಗಲು ಎಂದು ಒಬ್ಬರು, ಸಿಂಹದ ಕಣ್ಣು ಕಟ್ಟಲು ಎಂದು ಮತ್ತೊಬ್ಬರು, ಮೈ ತಂಪಾಗಲು, ಪರಸ್ಪರ ಗುರುತು ಹಿಡಿಯಲು, ಕಚ್ಚುವ ನೊಣಗಳನ್ನು ದೂರವಿಡಲು. ಐದೂ ಕೇಳಲು ಸೊಗಸು. ಸೊಗಸಿನ ಮೇಲೆ ತೀರ್ಪು ಕೊಡುವುದಾದರೆ ಸಿಂಹದ ಕತೆಯೇ ಗೆಲ್ಲಬೇಕು. ಟಿಮ್ ಕಾರೋ ಮತ್ತು ಸಂಗಡಿಗರು 2014ರಲ್ಲಿ ಕುದುರೆ ಕುಟುಂಬದ ಎಲ್ಲ ಪ್ರಭೇದ, ಉಪಪ್ರಭೇದಗಳನ್ನೂ ಅವು ಬದುಕುವ ನೆಲದ ಭೂಪಟಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಪಟ್ಟೆ ಇರುವ ಕಡೆ ಸಿಂಹವೇ, ಸೆಕೆಯೇ, ದೊಡ್ಡ ಹಿಂಡೇ, ನೊಣವೇ? ತಾಳೆಯಾದದ್ದು ನೊಣ.

ಅಷ್ಟಕ್ಕೇ ತೃಪ್ತರಾಗದೆ ಅವರು ಇಂಗ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಾಮಾನ್ಯ ಕುದುರೆಗಳಿಗೆ ಕರಿ, ಬಿಳಿ ಮತ್ತು ಪಟ್ಟೆಯ ಕವಚ ತೊಡಿಸಿ ನೊಣ ಎಣಿಸಿದರು. ಪಟ್ಟೆ ಬಟ್ಟೆಯ ಮೇಲೆ ಕೂತ ನೊಣ ಬಹಳ ಕಡಿಮೆ. ಅದೇ ಕುದುರೆಗಳ ಮುಚ್ಚದ ತಲೆಯ ಮೇಲೆ ಮೂರು ಗುಂಪಿಗೂ ವ್ಯತ್ಯಾಸವಿಲ್ಲ. ಕುದುರೆ ಅದೇ, ವಾಸನೆ ಅದೇ, ಲಾಯ ಅದೇ. ಬದಲಾದದ್ದು ಬಟ್ಟೆಯ ಬಣ್ಣ ಮಾತ್ರ. 2019ರಲ್ಲಿ ಇದು ಪ್ರಕಟವಾಯಿತು. ಜಪಾನಿನವರು ದನಗಳ ಮೈಗೆ ಪಟ್ಟೆ ಬಳಿದು ನೋಡಿ ಅಂಥದೇ ಫಲ ಕಂಡರು. ಸಿಂಹದ ಕತೆಗೆ ಈ ಯಾವ ಪರೀಕ್ಷೆಯಿಂದಲೂ ಅಂಥ ಬೆಂಬಲ ಸಿಗಲಿಲ್ಲ.

ಮೂರನೆಯದು, ಪೀಳಿಗೆಯಿಂದ ಪೀಳಿಗೆಗೆ ಅಳೆಯುವುದು. ಲಕ್ಷಣದಲ್ಲಿ ಜೀವಿಜೀವಿಗೆ ವ್ಯತ್ಯಾಸವಿರಬೇಕು. ಆ ವ್ಯತ್ಯಾಸ ತಂದೆತಾಯಿಯಿಂದ ಮರಿಗೆ ಇಳಿಯಬೇಕು. ಅದರಿಂದ ಉಳಿವಿನಲ್ಲೋ ಸಂತಾನದಲ್ಲೋ ಏರುಪೇರು ಆಗಬೇಕು. ಈ ಮೂರೂ ಇಲ್ಲದೆ ಆಯ್ಕೆ ನಡೆಯದು. ಪೀಟರ್ ಗ್ರಾಂಟ್, ರೋಸ್‌ಮೇರಿ ಗ್ರಾಂಟ್ ದಂಪತಿಗಳು 1973ರಿಂದ ಗಲಾಪಗೋಸ್ ದ್ವೀಪಗಳ ಡಾಫ್ನೆ ಎಂಬ ಪುಟ್ಟ ದ್ವೀಪದಲ್ಲಿ ಫಿಂಚ್ ಹಕ್ಕಿಗಳ ಕೊಕ್ಕನ್ನು ಅಳೆಯುತ್ತ ಬಂದರು. 1977ರಲ್ಲಿ ಬರ ಬಂತು. ಸಣ್ಣ ಮೆತ್ತನೆಯ ಬೀಜ ಮುಗಿದು ದೊಡ್ಡ ಗಟ್ಟಿ ಬೀಜ ಉಳಿಯಿತು. ಅವರು ಗಮನಿಸುತ್ತಿದ್ದ ಪ್ರಭೇದದಲ್ಲಿ ನೂರಕ್ಕೆ ಎಂಬತ್ತೈದರಷ್ಟು ಹಕ್ಕಿಗಳು ಇಲ್ಲವಾದವು. ಉಳಿದವುಗಳಲ್ಲಿ ದಪ್ಪ ಕೊಕ್ಕಿನವೇ ಹೆಚ್ಚು. ಮರುವರ್ಷದ ಮರಿಗಳ ಕೊಕ್ಕೂ ಸರಾಸರಿಯಲ್ಲಿ ದಪ್ಪ. 1983ರಲ್ಲಿ ಅತಿವೃಷ್ಟಿಯಾಗಿ ಸಣ್ಣ ಬೀಜ ಹೇರಳವಾಯಿತು. ಮುಂದಿನ ವರ್ಷಗಳಲ್ಲಿ ಗಾಳಿ ತಿರುಗಿ ಸಣ್ಣ ಕೊಕ್ಕಿಗೆ ಲಾಭವಾಯಿತು. 'ಪ್ರಕೃತಿ ಒಮ್ಮೆ ನಿಶ್ಚಯಿಸಿಬಿಟ್ಟಿದೆ' ಎನ್ನುವವರು ಈ ಹತ್ತು ವರ್ಷದ ಲೆಕ್ಕವನ್ನು ಒಮ್ಮೆ ನೋಡಬೇಕು.

ನಾಲ್ಕನೆಯದು, ಪಾಸಾದ ಬಿಲ್ಲನ್ನೂ ಮತ್ತೆ ತೆರೆಯುವ ಧೈರ್ಯ. ಇಂಗ್ಲೆಂಡಿನ ಕರಿ ಪತಂಗದ ಪಾಠ ನಾವೆಲ್ಲ ಓದಿದ್ದೇವೆ. ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ಮೊದಲು ದಾಖಲಾದ ಕರಿ ಬಗೆ, ಕಾರ್ಖಾನೆಯ ಮಸಿ ಹಿಡಿದ ಮರಗಳ ಮೇಲೆ ಹಕ್ಕಿಗಳ ಕಣ್ಣಿಗೆ ಬೀಳದೆ ಹೆಚ್ಚಾಯಿತು. ಕೆಟಲ್‌ವೆಲ್ 1953ರಲ್ಲಿ ಮತ್ತು 1955ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಆದರೆ ಮುಂದೆ ಆಕ್ಷೇಪಗಳು ಬಂದವು: ಪತಂಗಗಳನ್ನು ಮರದ ಕಾಂಡದ ಮೇಲೆ ಕೈಯಾರೆ ಇಟ್ಟಿರಿ, ಅವು ತಾವಾಗಿ ಅಲ್ಲಿ ಕೂರುತ್ತವೆಯೇ? ಒತ್ತಾಗಿ ಬಿಟ್ಟಿರಿ, ಹಕ್ಕಿಗೆ ಹಬ್ಬವಾಗಲಿಲ್ಲವೇ? ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ ಎಂದು ಯಾರೂ ಬಾಯಿ ಮುಚ್ಚಿಸಲಿಲ್ಲ. ಕೇಂಬ್ರಿಜ್ಜಿನ ಮೈಕೆಲ್ ಮಜೆರಸ್ 2001ರಿಂದ 2007ರವರೆಗೆ ಆಕ್ಷೇಪಗಳನ್ನೆಲ್ಲ ಎದುರಿಗಿಟ್ಟುಕೊಂಡು 4,864 ಪತಂಗಗಳೊಡನೆ ಪ್ರಯೋಗವನ್ನು ಹೊಸದಾಗಿ ಮಾಡಿದರು. ಗಾಳಿ ಶುದ್ಧವಾಗಿದ್ದ ಆ ಕಾಲದಲ್ಲಿ ಹಕ್ಕಿಗಳು ಕರಿಯದನ್ನೇ ಹೆಚ್ಚು ತಿಂದವು. 2009ರಲ್ಲಿ ಅವರು ತೀರಿಕೊಂಡರು. 2012ರಲ್ಲಿ ಸಹೋದ್ಯೋಗಿಗಳು ಫಲಿತಾಂಶ ಪ್ರಕಟಿಸಿದರು. ಹಳೆಯ ಕತೆ ಗೆದ್ದಿತು, ಆದರೆ ಎರಡನೆಯ ಸಲ ತೂಗಿಸಿಕೊಂಡು ಗೆದ್ದಿತು.

ಸೋತ ಕತೆಯೂ ಒಂದನ್ನು ಹೇಳಬೇಕು. ಅದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಇರುವೆ, ಜೇನು, ಕಣಜದ ಹುಳುಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಇದರಿಂದ ಒಂದು ವಿಚಿತ್ರ ಲೆಕ್ಕ ಹೊರಡುತ್ತದೆ. ಒಬ್ಬಳೇ ರಾಣಿ ಒಂದೇ ಗಂಡನ್ನು ಕೂಡಿದ್ದರೆ ಅಕ್ಕತಂಗಿಯರ ನಂಟು ಮುಕ್ಕಾಲು ಪಾಲು. ತಾಯಿ ಮಗಳ ನಂಟು ಅರ್ಧ ಮಾತ್ರ. ಆದ್ದರಿಂದಲೇ ಕೆಲಸಗಾರ್ತಿಯರು ತಮ್ಮ ಮಕ್ಕಳನ್ನು ಹೆರುವ ಬದಲು ತಂಗಿಯರನ್ನು ಸಾಕುತ್ತಾರೆ ಎಂಬ ವಿವರಣೆ ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಬರೆದ ಲೇಖನಗಳಿಂದ ಹುಟ್ಟಿತು. ಗಣಿತದ ಅಂದ ನೋಡಿ ಜಗತ್ತು ಮರುಳಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಅವರ ಶಿಷ್ಯರು, ನಮ್ಮ ಮನೆಗಳ ಸೂರಿನಡಿ ಗೂಡು ಕಟ್ಟುವ ಒಂದು ಕಣಜವನ್ನು ವರ್ಷಗಟ್ಟಲೆ ಗಮನಿಸಿ ಆ ಮುಕ್ಕಾಲು ಪಾಲನ್ನು ನಿಜವಾಗಿ ಲೆಕ್ಕ ಹಾಕಿದರು. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ. ಗೂಡಿನಲ್ಲಿ ಒಬ್ಬಳ ನಂತರ ಒಬ್ಬಳು ರಾಣಿಯಾಗುತ್ತಾಳೆ. ಹೀಗಾಗಿ ಒಂದೇ ಗೂಡಿನಲ್ಲಿ ಅಕ್ಕ, ಮಲತಂಗಿ, ಚಿಕ್ಕಮ್ಮ, ಸೋದರ ಸಂಬಂಧಿ ಎಲ್ಲ ಬೆರೆತು ನಂಟು ಮುಕ್ಕಾಲಿನಿಂದ ಬಹಳ ಕೆಳಗಿಳಿಯಿತು. ಮುಕ್ಕಾಲು ಪಾಲಿನ ಕತೆ ಈ ಗೂಡಿನಲ್ಲಿ ನಿಲ್ಲಲಿಲ್ಲ. ಒಂಟಿಯಾಗಿ ಗೂಡು ಕಟ್ಟಿದವಳು ಮರಿ ದೊಡ್ಡದಾಗುವ ಮುನ್ನ ಸತ್ತರೆ ಎಲ್ಲ ವ್ಯರ್ಥ, ಒಟ್ಟಿಗಿದ್ದರೆ ಅರ್ಧ ಮಾಡಿದ ಕೆಲಸವೂ ಇನ್ನೊಬ್ಬಳಿಂದ ದಡ ಸೇರುತ್ತದೆ ಎಂಬಂಥ ಬೇರೆ ಕಾರಣಗಳನ್ನು ಅವರು ತೂಗಿ ನೋಡಬೇಕಾಯಿತು. ಹ್ಯಾಮಿಲ್ಟನ್ನರ ಮೂಲ ತತ್ವ ಇದರಿಂದ ಬೀಳಲಿಲ್ಲ. ನಂಟಿನ ಜೊತೆ ಲಾಭ ನಷ್ಟವನ್ನೂ ತೂಗಬೇಕೆಂಬುದು ಅದರಲ್ಲೇ ಇದೆ. ಬಿದ್ದದ್ದು ಅಂದದ ಸುಲಭ ಕತೆ.

ಒಂದು ಹುಳುವಿನ ವಿಷಯಕ್ಕೆ ಇಷ್ಟು ಎಣಿಕೆ. ನಮ್ಮ ಮಕ್ಕಳ ವಿಷಯಕ್ಕೆ ಮುಕ್ಕಾಲು ಗಂಟೆಯ ಭಾಷಣ!

ಈಗ ಆ ಭಾಷಣವನ್ನು ಇದೇ ತಕ್ಕಡಿಯಲ್ಲಿ ಇಡೋಣ. ಮೊದಲ ಪ್ರಶ್ನೆ: ಆದಿಕಾಲದಲ್ಲಿ ಗಂಡಸರು ಮಾತ್ರ ಬೇಟೆಯಾಡುತ್ತಿದ್ದರೆಂಬುದಕ್ಕೆ ಏನು ಆಧಾರ? ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿ ಸುಮಾರು 9,000 ವರ್ಷ ಹಿಂದಿನ ಒಂದು ಗೋರಿಯಲ್ಲಿ ಬೇಟೆಯ ಕಲ್ಲಿನ ಮೊನೆಗಳೂ ಚರ್ಮ ಹದಮಾಡುವ ಉಪಕರಣಗಳೂ ಒಟ್ಟಿಗೆ ಸಿಕ್ಕವು. ಹಲ್ಲಿನ ಪ್ರೋಟೀನು ಪರೀಕ್ಷಿಸಿದಾಗ ಅಲ್ಲಿ ಮಲಗಿದ್ದುದು ಇಪ್ಪತ್ತರೊಳಗಿನ ಒಬ್ಬ ಹೆಣ್ಣುಮಗಳು ಎಂದು 2020ರಲ್ಲಿ ಪ್ರಕಟವಾಯಿತು. ಫಿಲಿಪ್ಪೀನ್ಸಿನ ಅಗ್ತಾ ಜನರಲ್ಲಿ ಹೆಂಗಸರು ಬೇಟೆಗೆ ಹೋಗುವುದನ್ನು ಮಾನವಶಾಸ್ತ್ರಜ್ಞರು ಕಂಡು ಬರೆದಿದ್ದಾರೆ. ಎಲ್ಲ ಕಡೆ ಹಾಗೆಯೇ ಇತ್ತೆಂದು ನಾವು ಹೇಳುವುದಿಲ್ಲ. ಬಹಳ ಕಡೆ ದೊಡ್ಡ ಬೇಟೆ ಗಂಡಸರ ಕೆಲಸವೇ ಆಗಿತ್ತು. ಆದರೆ 'ಎಲ್ಲೆಲ್ಲೂ, ಎಂದೆಂದೂ' ಎಂಬ ತಳಹದಿಯಲ್ಲೇ ಬಿರುಕಿದೆ.

ಎರಡನೆಯ ಪ್ರಶ್ನೆ: ವ್ಯತ್ಯಾಸ ರಕ್ತದಿಂದ ಇಳಿದದ್ದೇ, ಮನೆಯಿಂದ ಬಂದದ್ದೇ? ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಗಳಲ್ಲಿ ಗಂಡಸರ ಸರಾಸರಿ ಹೆಚ್ಚು ಬರುವುದು ಅನೇಕ ಕಡೆ ಕಂಡಿದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ವ್ಯತ್ಯಾಸ ಕಂಡದ್ದು ಬಿಸಿಲು ಕಂಡಂತೆ. ಟಿಕೆಟ್ಟು ಇನ್ನೂ ಬೇಕು. ನಮ್ಮ ದೇಶದಲ್ಲೇ ಈಶಾನ್ಯದಲ್ಲಿ ಖಾಸಿ ಮತ್ತು ಕಾರ್ಬಿ ಎಂಬ ಎರಡು ಜನಾಂಗಗಳು ನೆರೆಹೊರೆಯಲ್ಲಿವೆ. ಬೆಟ್ಟವೂ ಅದೇ, ಬೆಳೆಯೂ ಅದೇ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ. ನಮ್ಮ ತುಳುನಾಡಿನವರಿಗೆ ಅಳಿಯಸಂತಾನವೆಂದರೆ ಹೊಸದಲ್ಲ. ಕಾರ್ಬಿಗಳಲ್ಲಿ ಆಸ್ತಿ ಗಂಡುಮಕ್ಕಳಿಗೆ. ಮೋಶೆ ಹಾಫ್‌ಮನ್ ಮತ್ತು ಸಂಗಡಿಗರು ಎರಡೂ ಕಡೆಯ ಹಳ್ಳಿಗಳ ಸಾವಿರಕ್ಕೂ ಮೇಲ್ಪಟ್ಟ ಜನರಿಗೆ ನಾಲ್ಕು ತುಂಡುಗಳ ಒಂದು ಚಿತ್ರಬಂಧ ಕೊಟ್ಟು, ಜೋಡಿಸಲು ಹಿಡಿದ ಸಮಯ ಅಳೆದರು. ಕಾರ್ಬಿಗಳಲ್ಲಿ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಖಾಸಿಗಳಲ್ಲಿ ಆ ಅಂತರವೇ ಕಾಣಲಿಲ್ಲ. 2011ರಲ್ಲಿ ಇದು ಪ್ರಕಟವಾಯಿತು.

ಒಂದು ಅಧ್ಯಯನದಿಂದ ಎಲ್ಲವೂ ಇತ್ಯರ್ಥವಾಯಿತೆಂದು ನಾವು ಹೇಳಿದರೆ ನಾವೂ ಅದೇ ತಪ್ಪು ಮಾಡಿದಂತೆ. ಆದರೆ ಲಕ್ಷಾಂತರ ವರ್ಷಗಳ ವಿಕಾಸ ಕೊರೆದಿಟ್ಟದ್ದು ಎಂದು ಭಾಷಣದಲ್ಲಿ ಹೇಳಿದ ಅಂತರ, ಪಕ್ಕದ ಊರಿನಲ್ಲಿ ಮನೆಯ ಪದ್ಧತಿ ಬದಲಾದೊಡನೆ ಕಾಣದೆ ಹೋಗುವುದಾದರೆ, ಸಹಿ ಹಾಕುವ ಮುನ್ನ ಲೇಖನಿ ಕೆಳಗಿಡಬೇಕಾದದ್ದು ಕರ್ತವ್ಯ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಒಂದು ಲಕ್ಷಣ ನಿಜವಾಗಿಯೂ ಹೊಂದಾಣಿಕೆ ಎಂದು ಸಿದ್ಧವಾದರೆ? ಆಗಲಾದರೂ ಅದು ಆಜ್ಞೆಯಾಗುತ್ತದೆಯೇ? ಕುಡುಗೋಲು ರಕ್ತಕಣದ ರೋಗ ನೋಡಿ. ಮನುಷ್ಯನಲ್ಲಿ ಹೊಂದಾಣಿಕೆಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಸಿಗುವುದು ಕಷ್ಟ. ಆ ವಂಶವಾಹಿಯ ಒಂದು ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಎಂದು ಆಂಥೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕದ ಸಾಕ್ಷ್ಯದಿಂದ ತೋರಿಸಿದರು. ಮಲೇರಿಯಾ ಹೆಚ್ಚಿದ್ದ ನಾಡುಗಳಲ್ಲೇ ಅದೂ ಹೆಚ್ಚು. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಅದು ಇರುವುದು 1952ರಲ್ಲೇ ಕಂಡುಬಂದಿತ್ತು. ಆದರೆ ಎರಡು ಪ್ರತಿ ಬಂದ ಮಗುವಿಗೆ ಜೀವನವಿಡೀ ನೋವು.

ಪರೀಕ್ಷೆ ಗೆದ್ದ ಹೊಂದಾಣಿಕೆ ಇದು. ಹಾಗೆಂದು ಯಾವ ವೈದ್ಯರಾದರೂ 'ಇದು ಪ್ರಕೃತಿಯ ಏರ್ಪಾಡು, ಮಗು ನರಳಲಿ' ಎಂದರೇ? ಭಾರತ ಸರಕಾರ 2023ರಲ್ಲಿ ಈ ರೋಗದ ನಿರ್ಮೂಲನಕ್ಕೆಂದೇ ಒಂದು ರಾಷ್ಟ್ರೀಯ ಅಭಿಯಾನ ಆರಂಭಿಸಿ, ಬುಡಕಟ್ಟು ಪ್ರದೇಶಗಳಲ್ಲಿ ರಕ್ತಪರೀಕ್ಷೆಗೆ ಕೈಹಾಕಿತು. ರುಜುವಾತಾದ ಹೊಂದಾಣಿಕೆಗೇ ನಾವು ತಲೆಬಾಗುವುದಿಲ್ಲ ಎಂದಮೇಲೆ, ರುಜುವಾತೇ ಇಲ್ಲದ ಕತೆಗೆ ಒಂದು ಹುಡುಗಿ ತಲೆಬಾಗಬೇಕೆನ್ನುವುದು ಯಾವ ನ್ಯಾಯ?

'ಇಷ್ಟೆಲ್ಲ ಏಕೆ, ಭಾನುವಾರದ ಮನರಂಜನೆ' ಎಂದು ಕೆಲವು ಹಿರಿಯರು ನಮಗೆ ಬುದ್ಧಿ ಹೇಳಿದ್ದಾರೆ. ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ಸಂಘದ ವೇದಿಕೆ ಬರಿಯ ಮನರಂಜನೆ ಆಗಿ ಉಳಿದಿಲ್ಲ. ಇಲ್ಲಿ ನಮಗೆ ಅಜ್ಜನಿಲ್ಲ, ಊರ ಮಾಸ್ತರರಿಲ್ಲ, ಸಲಹೆ ಕೇಳಲು ಸೋದರಮಾವನಿಲ್ಲ. ಕನ್ನಡದಲ್ಲಿ, ಮೈಕಿನ ಮುಂದೆ, ಹಾರ ಹಾಕಿಸಿಕೊಂಡವರು ಹೇಳಿದ ಮಾತು ನಮ್ಮ ಮನೆಗಳಲ್ಲಿ ಹಿರಿಯರ ಮಾತಿನ ಜಾಗದಲ್ಲಿ ಕೂರುತ್ತದೆ. ಆ ಸಂಜೆ ಹುಡುಗಿಯ ಕಣ್ಣಲ್ಲಿ ನಾವು ಅದನ್ನು ಕಂಡೆವು.

ಅವಳ ತಂದೆಯ ಮೇಲೂ ನಮಗೆ ಸಿಟ್ಟಿಲ್ಲ. ವಿಜ್ಞಾನ ಶಾಖೆಯೆಂದರೆ ಕೋಚಿಂಗ್ ಕ್ಲಾಸು, ಅದರ ಫೀ, ಸಂಜೆ ತಡವಾಗಿ ಲೋಕಲ್‌ನಲ್ಲಿ ಮರಳುವ ಮಗಳು: ಈ ಚಿಂತೆ ಯಾವ ತಂದೆಗಿಲ್ಲ? ಹಣದ ಅಡಚಣೆಯಾದರೆ ಅಡಚಣೆ ಎನ್ನಲಿ. ಕೂತು ಮಾತಾಡಬಹುದು, ಸಂಘದ ವಿದ್ಯಾರ್ಥಿ ನಿಧಿಯನ್ನು ಕೇಳಬಹುದು. ಭಯವಾದರೆ ಭಯ ಎನ್ನಲಿ; ಮಗಳನ್ನು ಸ್ಟೇಷನ್ನಿನಿಂದ ಕರೆತರಲು ನಾವು ನಾಲ್ಕು ಮನೆಯವರಿದ್ದೇವೆ. ಆದರೆ ನಮ್ಮ ಅಡಚಣೆಗೆ ಪ್ರಕೃತಿಯ ಸಹಿ ಹಾಕಿಸುವುದು ಬೇಡ. ಅಡಚಣೆ ಎಂದರೆ ಮಗಳು ಅರ್ಥ ಮಾಡಿಕೊಂಡಾಳು. 'ನಿನ್ನ ಮೆದುಳೇ ಅಂಥದು' ಎಂದರೆ ಅವಳು ಅದನ್ನು ಜೀವನಪೂರ್ತಿ ಹೊರಬೇಕಾಗುತ್ತದೆ.

ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮದೊಂದು ವಿನಂತಿ. ಇನ್ನು ಮುಂದೆ ವಿಜ್ಞಾನದ ಹೆಸರಿನ ಉಪನ್ಯಾಸವಾದ ಮೇಲೆ, ಉಪ್ಪಿಟ್ಟಿಗೆ ಮುನ್ನ, ಹದಿನೈದು ನಿಮಿಷ ಪ್ರಶ್ನೆಗೆ ಇಡಿ. ಮೊದಲ ಪ್ರಶ್ನೆ ನಮ್ಮ ಮಕ್ಕಳು ಕೇಳಲಿ. 'ಇದಕ್ಕೆ ಬೇರೆ ಯಾವ ಕಾರಣ ಇರಬಹುದಿತ್ತು? ಅದು ಅಲ್ಲವೆಂದು ಹೇಗೆ ತಿಳಿಯಿತು? ಯಾವುದನ್ನು ಕಂಡರೆ ನಿಮ್ಮ ಮಾತು ತಪ್ಪೆಂದು ಒಪ್ಪುವಿರಿ?' ಈ ಮೂರು ಸಾಕು. ನಿಜವಾಗಿ ಕೆಲಸ ಮಾಡಿದ ವಿಜ್ಞಾನಿ ಈ ಪ್ರಶ್ನೆಗಳಿಗೆ ಸಂತೋಷಪಡುತ್ತಾರೆ.

ಆ ಹುಡುಗಿಗೆ ಬಾಗಿಲಲ್ಲಿ ಕೊಡದ ಉತ್ತರವನ್ನು ಇಲ್ಲಿ ಅಚ್ಚಿನಲ್ಲಿ ಕೊಡುತ್ತಿದ್ದೇವೆ: ಇಲ್ಲಮ್ಮ, ಆ ದಿನ ಕೇಳಿದ್ದು ವಿಜ್ಞಾನವಾಗಿರಲಿಲ್ಲ. ಅದೊಂದು ಕತೆ, ಪರೀಕ್ಷೆಗೆ ಕೂತಿಲ್ಲ. ನೀನು ಕೂತಿದ್ದೀ, ನೂರಕ್ಕೆ ತೊಂಬತ್ತಾರು ತಂದಿದ್ದೀ. ನಿನ್ನ ಅಪ್ಪನಿಗೆ ಈ ಸಂಚಿಕೆಯನ್ನು ನಾವೇ ಮಾಳಿಗೆ ಇಳಿದು ಬಂದು ಕೊಡುತ್ತೇವೆ. ಶಾಖೆ ಬದಲಿಸುವ ಅವಕಾಶ ಇರುವಾಗಲೇ ಬರುತ್ತೇವೆ.

ಸಂಘದ ನಡಾವಳಿ ಪುಸ್ತಕದಲ್ಲಿ ನಮ್ಮ ವಂದನಾರ್ಪಣೆಯ ಮಾತು ದಾಖಲಾಗಿದೆ. 'ಶುದ್ಧ ವೈಜ್ಞಾನಿಕವಾದ' ಎಂಬ ಎರಡು ಶಬ್ದಗಳನ್ನು ಅಲ್ಲಿಂದ ತೆಗೆದುಹಾಕಬೇಕೆಂದು ಕಾರ್ಯದರ್ಶಿಗಳಿಗೆ ಲಿಖಿತ ಅರ್ಜಿ ಕೊಟ್ಟಿದ್ದೇವೆ. ಹಾರದ ಖರ್ಚಿನ ಬಗ್ಗೆ ತಕರಾರಿಲ್ಲ.